ಹಲವರು ಸೇರಿ ಬರೆದ ಪೇಪರ್‌ಗೆ ಡಿಸ್‌ಕ್ಲೋಷರ್ ಸಿದ್ಧ ಮಾಡುವುದು ಹೇಗೆ: ಮೊದಲ ಮೀಟಿಂಗ್‌ನಿಂದ ಸಬ್‌ಮಿಟ್ ಬಟನ್‌ವರೆಗೆ

ರಾತ್ರಿ ಹನ್ನೊಂದೂ ಮುಕ್ಕಾಲು. ಜರ್ನಲ್‌ನ ಪೋರ್ಟಲ್‌ನಲ್ಲಿ ಎಲ್ಲಾ ತುಂಬಿ ಕೊನೆಯ ಪುಟಕ್ಕೆ ಬಂದಿದ್ದೀರಿ. ಅಲ್ಲಿ ಡಿಸ್‌ಕ್ಲೋಷರ್‌ಗೆ, ಅಂದರೆ ಲೇಖಕರು ಬಹಿರಂಗವಾಗಿ ಹೇಳಬೇಕಾದ ಘೋಷಣೆಗಳಿಗೆ, ಐದಾರು ಖಾಲಿ ಚೌಕಗಳಿವೆ: ಎಥಿಕ್ಸ್ ಒಪ್ಪಿಗೆ, ಹಣ ಕೊಟ್ಟವರು, ಹಿತಾಸಕ್ತಿ, ಡೇಟಾ ಎಲ್ಲಿದೆ, ಯಾರು ಏನು ಮಾಡಿದರು. ಸಹಲೇಖಕರೆಲ್ಲ ಮಲಗಿದ್ದಾರೆ. ನೀವು ಹಳೆಯ ಪೇಪರ್ ಒಂದನ್ನು ತೆರೆದು, ಅದರ ಸಾಲುಗಳನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ಬಟನ್ ಒತ್ತುತ್ತೀರಿ.

ನಾನೂ ಹೀಗೇ ಮಾಡಿದ್ದೆ. ಐದು ಜನರ ಪರವಾಗಿ ‘ಲೇಖಕರಿಗೆ ಯಾವುದೇ ಹಿತಾಸಕ್ತಿ ಸಂಘರ್ಷ ಇಲ್ಲ’ ಎಂದು ಒಬ್ಬನೇ ಬರೆದುಬಿಟ್ಟೆ. ಕೆಲವು ವಾರಗಳ ನಂತರ ಒಬ್ಬ ರಿವ್ಯೂವರ್ (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವವರು) ಕೇಳಿದರು: ನಿಮ್ಮ ಮೂರನೇ ಲೇಖಕರು ಈ ಉಪಕರಣದ ಕಂಪನಿಗೆ ಸಲಹೆಗಾರರಲ್ಲವೇ? ಹೌದು, ಆಗಿದ್ದರು. ಅವರೇನೂ ಮುಚ್ಚಿಟ್ಟಿರಲಿಲ್ಲ, ಅವರ ಬಯೋಡೇಟಾದಲ್ಲೇ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಬೇರೆಯವರ ಪೇಪರ್‌ಗಳಿಗೆ ಕೈಜೋಡಿಸಿದಾಗಲೂ ಇದೇ ಕಥೆ ನೋಡಿದ್ದೇನೆ. ಸುಳ್ಳು ಹೇಳುವವರು ಕಡಿಮೆ. ಯಾವ ಕೆಲಸ ಯಾವಾಗ ಮಾಡಬೇಕೆಂಬ ಸರದಿ ತಪ್ಪಿದವರೇ ಜಾಸ್ತಿ. ಹಾಗಾಗಿ ಇಲ್ಲಿ ಸರದಿಗೇ ಹೆಚ್ಚು ಗಮನ ಕೊಟ್ಟಿದ್ದೇನೆ. ಮೊದಲ ದಿನದಿಂದ ಮಾಹಿತಿ ಸೇರಿಸುತ್ತಾ ಬಂದರೆ, ಕೊನೆಯ ರಾತ್ರಿ ಅದನ್ನು ನೋಡಿ ಇಳಿಸಿಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಎಲ್ಲರೂ ತೆರೆಯಬಹುದಾದ ಒಂದು ಸ್ಪ್ರೆಡ್‌ಶೀಟ್, ಒಂದು ಹಂಚಿಕೊಂಡ ಫೋಲ್ಡರ್ ಸಾಕು. ಫೋಲ್ಡರ್‌ನಲ್ಲಿ ಎಥಿಕ್ಸ್ ಸಮಿತಿಯ (ಜನರನ್ನು ಒಳಗೊಂಡ ಸಂಶೋಧನೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿ) ಪತ್ರಗಳು, ಗ್ರಾಂಟ್ ಮಂಜೂರಾದ ಪತ್ರಗಳು, ಸಂಸ್ಥೆಗಳ ನಡುವಿನ ಒಪ್ಪಂದಗಳು, ಭಾಗವಹಿಸಿದವರಿಗೆ ಕೊಟ್ಟ ಒಪ್ಪಿಗೆ ಪತ್ರದ ಖಾಲಿ ಪ್ರತಿ, ಇಷ್ಟಿರಲಿ. ಸಹಿ ಹಾಕಿದ ಒಪ್ಪಿಗೆ ಪತ್ರಗಳನ್ನು ಮಾತ್ರ ಅಲ್ಲಿ ಹಾಕಬೇಡಿ. ಅವುಗಳಲ್ಲಿ ಜನರ ಹೆಸರಿರುತ್ತದೆ.

ಪ್ರತಿಯೊಬ್ಬ ಲೇಖಕರ ಆರ್ಕಿಡ್ ಸಂಖ್ಯೆಯನ್ನೂ ಈಗಲೇ ಕೇಳಿ ಬರೆದುಕೊಳ್ಳಿ. ಅದು 16 ಅಂಕಿಯ ಗುರುತು ಸಂಖ್ಯೆ, ಉಚಿತವಾಗಿ ಸಿಗುತ್ತದೆ. ಒಂದೇ ಹೆಸರಿನ ಇಬ್ಬರು ಸಂಶೋಧಕರಿದ್ದಾಗ ಯಾರ ಘೋಷಣೆ ಯಾರದ್ದು ಎಂಬ ಗೊಂದಲ ಬರುವುದಿಲ್ಲ.

## ಹಂತ 1: ಒಬ್ಬರನ್ನು ಹೊಣೆ ಮಾಡಿ

ಮೊದಲ ಮೀಟಿಂಗ್‌ನಲ್ಲೇ ಕೇಳಿ: ಈ ಶೀಟನ್ನು ಯಾರು ನೋಡಿಕೊಳ್ಳುತ್ತಾರೆ? ‘ಎಲ್ಲರೂ’ ಎಂದರೆ ಯಾರೂ ಇಲ್ಲ ಎಂದೇ ಅರ್ಥ.

ಆ ಒಬ್ಬರು ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರ ವ್ಯವಹಾರ ಮಾಡುವ ಲೇಖಕರು) ಆಗಿರಲೇಬೇಕು ಅಂತಿಲ್ಲ. ಆದರೆ ಹಿರಿಯರ ಹತ್ತಿರ ಹೋಗಿ ‘ಸರ್, ನಿಮ್ಮ ಫಾರ್ಮ್ ಇನ್ನೂ ಬಂದಿಲ್ಲ’ ಎನ್ನುವ ಧೈರ್ಯ ಇರುವವರಾಗಿರಬೇಕು. ಮೊದಲ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿಯ ತಲೆಗೆ ಇದನ್ನು ಕಟ್ಟಿದರೆ ಕೆಲಸ ಆಗುವುದಿಲ್ಲ. ತನ್ನ ಗೈಡ್‌ಗೆ ‘ನಿಮಗೆ ಯಾವ ಕಂಪನಿಯಿಂದ ಹಣ ಬರುತ್ತದೆ’ ಎಂದು ಆ ಹುಡುಗಿ ಹೇಗೆ ಕೇಳಬೇಕು?

ಶೀಟ್‌ನಲ್ಲಿ ಲೇಖಕರಿಗೊಂದು ಸಾಲು ಇರಲಿ. ಮೂರು ತಿಂಗಳಿಗೊಮ್ಮೆ ಎಲ್ಲರೂ ತಮ್ಮ ಸಾಲು ನೋಡಿ ದಿನಾಂಕ ಹಾಕಲಿ. ಬದಲಾವಣೆ ಇಲ್ಲದಿದ್ದರೆ ‘ಬದಲಾವಣೆ ಇಲ್ಲ’ ಎಂದೇ ಬರೆಯಲಿ. ಖಾಲಿ ಬಿಟ್ಟ ಚೌಕ ‘ಇಲ್ಲ’ ಎನ್ನುತ್ತಿದೆಯೋ ‘ನಾನಿನ್ನೂ ನೋಡಿಲ್ಲ’ ಎನ್ನುತ್ತಿದೆಯೋ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

## ಹಂತ 2: ಎಥಿಕ್ಸ್ ಒಪ್ಪಿಗೆ, ಕೇಂದ್ರಕ್ಕೊಂದು ಸಾಲು

ಒಂದೇ ಸಂಸ್ಥೆಯ ಕೆಲಸವಾದರೆ ಒಂದು ಸಮಿತಿ, ಒಂದು ಸಂಖ್ಯೆ. ಮೂರು ಸಂಸ್ಥೆ ಸೇರಿದರೆ ಕಷ್ಟ ಶುರು. ‘ಅವರ ಸಮಿತಿ ಒಪ್ಪಿದೆಯಲ್ಲ, ನಮಗೂ ಅದೇ ಸಾಕು’ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಒಂದು ಸಮಿತಿಯ ಒಪ್ಪಿಗೆ ಇನ್ನೊಂದು ಸಂಸ್ಥೆಗೆ ತಾನಾಗಿ ಅನ್ವಯಿಸುವುದಿಲ್ಲ. ಅನ್ವಯಿಸುತ್ತದೆ ಎಂದಾದರೆ ಆ ಮಾತು ಲಿಖಿತವಾಗಿ ಇರಬೇಕು.

ಶೀಟ್‌ನಲ್ಲಿ ಪ್ರತಿ ಕೇಂದ್ರಕ್ಕೂ, ಅಂದರೆ ಡೇಟಾ ಸಂಗ್ರಹಿಸುವ ಪ್ರತಿ ಸಂಸ್ಥೆಗೂ, ಇವನ್ನು ಬರೆಯಿರಿ: ಸಮಿತಿಯ ಪೂರ್ತಿ ಹೆಸರು, ಒಪ್ಪಿಗೆ ಸಂಖ್ಯೆ, ಒಪ್ಪಿಗೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಆ ಕೇಂದ್ರದಲ್ಲಿ ಮೊದಲ ಡೇಟಾ ಬಂದ ದಿನಾಂಕ.

ಕೊನೆಯ ಕಾಲಮ್ಮೇ ಮುಖ್ಯ. ಒಪ್ಪಿಗೆ ಮಾರ್ಚ್ 14ಕ್ಕೆ ಬಂದಿದೆ, ಮೊದಲ ಸಂದರ್ಶನ ಮಾರ್ಚ್ 2ಕ್ಕೆ ನಡೆದಿದೆ ಎಂದಿಟ್ಟುಕೊಳ್ಳಿ. ಹನ್ನೆರಡು ದಿನದ ಈ ಅಂತರವನ್ನು ಯಾವ ಚಂದದ ಭಾಷೆಯೂ ಮುಚ್ಚುವುದಿಲ್ಲ. ಸಮಿತಿಗೆ ಹೋಗಿ ನಡೆದದ್ದನ್ನು ಹೇಳಿ, ಆ ಡೇಟಾ ಬಳಸಬಹುದೇ ಎಂದು ಕೇಳಬೇಕು. ಬೇಡ ಎಂದರೆ ತೆಗೆಯಬೇಕು. ಈ ಎರಡು ದಿನಾಂಕ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇದ್ದರೆ ಸಮಸ್ಯೆ ಮೊದಲ ತಿಂಗಳೇ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ರಿವ್ಯೂವರ್ ಕಣ್ಣಿಗೆ ಬೀಳುತ್ತದೆ.

ಕ್ಲಿನಿಕಲ್ ಟ್ರಯಲ್ ಆದರೆ ಇನ್ನೊಂದು ಕಾಲಮ್ ಸೇರಿಸಿ: ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ನೋಂದಾಯಿಸಿದ ದಿನಾಂಕ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, 2005ರಿಂದ ಕೇಳುತ್ತಿರುವುದು ಇದನ್ನೇ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು.

‘ನಮ್ಮ ಕೆಲಸಕ್ಕೆ ಒಪ್ಪಿಗೆ ಬೇಕಾಗಿಲ್ಲ’ ಎನ್ನುವವರೂ ಇದ್ದಾರೆ. ಕೆಲವೊಮ್ಮೆ ಅದು ನಿಜ. ಆದರೆ ಬೇಕಾಗಿಲ್ಲ ಎಂದು ಹೇಳಿದವರು ಯಾರು? ಸಮಿತಿ ಹೇಳಿದ್ದರೆ ಅದರ ಪತ್ರ, ಸಂಖ್ಯೆ ಇರುತ್ತದೆ, ಅದನ್ನು ಬರೆಯಿರಿ. ನೀವೇ ತೀರ್ಮಾನಿಸಿದ್ದರೆ ಈಗಲೇ ಸಮಿತಿಗೆ ಒಂದು ಪತ್ರ ಹಾಕಿ.

ಎರಡು ಸಂಸ್ಥೆಗಳ ನಡುವಿನ ಸಂದಿಯಲ್ಲಿ ಒಪ್ಪಿಗೆ ಹೇಗೆ ಜಾರಿಹೋಗುತ್ತದೆ ಎನ್ನುವುದಕ್ಕೆ 2014ರಲ್ಲಿ ಪಿಎನ್‌ಎಎಸ್ ಜರ್ನಲ್‌ನಲ್ಲಿ ಬಂದ ಫೇಸ್‌ಬುಕ್ ಪ್ರಯೋಗವನ್ನು ನೋಡಬಹುದು. 6,89,003 ಬಳಕೆದಾರರಿಗೆ ಕಾಣಿಸುವ ಪೋಸ್ಟ್‌ಗಳನ್ನು ಬದಲಿಸಿ, ಅವರ ಭಾವನೆಗಳ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ನೋಡಿದ್ದರು. ಡೇಟಾ ಸಂಗ್ರಹಿಸಿದ್ದು ಕಂಪನಿ, ಲೇಖಕರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆ ಸಂಬಂಧ ಇದ್ದವರೂ ಇದ್ದರು. ಡೇಟಾ ಸಂಗ್ರಹದಲ್ಲಿ ತಮ್ಮವರು ನೇರವಾಗಿ ತೊಡಗಿಲ್ಲ, ಹಾಗಾಗಿ ನಮ್ಮ ಸಮಿತಿ ಪರಿಶೀಲಿಸಬೇಕಾಗಿಲ್ಲ ಎಂದು ವಿಶ್ವವಿದ್ಯಾಲಯ ತೀರ್ಮಾನಿಸಿತು. ಕಂಪನಿಗೋ ವಿಶ್ವವಿದ್ಯಾಲಯದ ನಿಯಮ ಅನ್ವಯಿಸುವುದಿಲ್ಲ. ಪೇಪರ್ ಬಂದ ಮೇಲೆ ಗಲಾಟೆ ಆಯಿತು, ಜರ್ನಲ್ ಸಂಪಾದಕರು ತಮ್ಮ ಕಳವಳವನ್ನು ಪ್ರಕಟಿಸಬೇಕಾಯಿತು. ನಿಮ್ಮ ತಂಡದಲ್ಲಿ ಕಂಪನಿಯವರು ಇದ್ದರೆ, ಡೇಟಾ ಅವರಿಂದ ಬರುತ್ತಿದ್ದರೆ, ಇದನ್ನು ನೆನಪಿಡಿ.

ಅಪಾಯದ ಸೂಚನೆ: ಪಾಲುದಾರರು ‘ಒಪ್ಪಿಗೆ ಇದೆ’ ಎನ್ನುತ್ತಾರೆ, ಪತ್ರ ಕೇಳಿದರೆ ‘ಕಳಿಸ್ತೀನಿ’ ಎನ್ನುತ್ತಾರೆ. ಎರಡನೇ ಸಲ ಕೇಳಿದಾಗಲೂ ಪತ್ರ ಬರದಿದ್ದರೆ ಅವರ ಡೇಟಾ ಮುಟ್ಟಬೇಡಿ.

## ಹಂತ 3: ಯಾರು ಏನು ಮಾಡಿದರು

ಲೇಖಕರ ಪಟ್ಟಿಯನ್ನು ಕೊನೆಗೆ ಮಾಡಿದರೆ ಜಗಳ ಗ್ಯಾರಂಟಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ, ಇಲ್ಲಿ ಮಾತ್ರ ಹೊಲಿಸಿಡಿ. ಮೊದಲ ಕರಡು ಬರುವ ಮುನ್ನವೇ ಒಂದು ತಾತ್ಕಾಲಿಕ ಪಟ್ಟಿ ಇರಲಿ, ಕೆಲಸ ಬದಲಾದಂತೆ ಅದೂ ಬದಲಾಗಲಿ.

ಯಾರು ಲೇಖಕರು ಎನ್ನುವುದಕ್ಕೆ ಐಸಿಎಂಜೆಇ ನಾಲ್ಕು ಷರತ್ತು ಹಾಕಿದೆ. ಕೆಲಸದ ಯೋಚನೆಯಲ್ಲೋ ಡೇಟಾದಲ್ಲೋ ವಿಶ್ಲೇಷಣೆಯಲ್ಲೋ ಗಟ್ಟಿ ಪಾಲು ಇರಬೇಕು. ಪೇಪರ್ ಬರೆದಿರಬೇಕು, ಇಲ್ಲವೇ ಒಳಹೊಕ್ಕು ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಪ್ರಶ್ನೆ ಬಂದರೆ ಉತ್ತರ ಹೇಳಲು ಸಿದ್ಧವಿರಬೇಕು. ನಾಲ್ಕೂ ಬೇಕು, ಒಂದಿದ್ದರೆ ಸಾಲದು. ಹಣ ತಂದುಕೊಟ್ಟರು, ಲ್ಯಾಬ್ ಅವರದ್ದು, ವಿಭಾಗದ ಮುಖ್ಯಸ್ಥರು ಎನ್ನುವುದು ಕಾರಣವಲ್ಲ.

ಇದರ ತಿರುವುಮುರುವೂ ಇದೆ. ಎಲ್ಲಾ ಕೆಲಸ ಮಾಡಿದ ಫೀಲ್ಡ್ ಸಂಶೋಧಕರಿಗೆ ಕರಡನ್ನೇ ಕಳಿಸದೆ, ಆಮೇಲೆ ‘ನೀವು ಬರೆಯಲಿಲ್ಲವಲ್ಲ’ ಎಂದು ಕೈಬಿಡುವುದು. ಬರೆಯುವ ಅವಕಾಶವನ್ನೇ ಕೊಡದೆ ಬರೆಯಲಿಲ್ಲ ಎನ್ನುವುದು ನ್ಯಾಯವಲ್ಲ. ಮೊದಲ ಷರತ್ತು ಪೂರೈಸಿದವರಿಗೆ ಉಳಿದ ಷರತ್ತು ಪೂರೈಸುವ ಅವಕಾಶ ಕೊಡಬೇಕು ಎಂದು ಅದೇ ನಿಯಮ ಹೇಳುತ್ತದೆ.

ಪಾಲು ಬರೆಯಲು ಕ್ರೆಡಿಟ್ ಎಂಬ ಪಟ್ಟಿ ಇದೆ. ಅದರಲ್ಲಿ 14 ಪಾತ್ರಗಳಿವೆ: ಯೋಚನೆ, ವಿಧಾನ, ಸಾಫ್ಟ್‌ವೇರ್, ಪರಿಶೀಲನೆ, ವಿಶ್ಲೇಷಣೆ, ಡೇಟಾ ನಿರ್ವಹಣೆ, ಮೊದಲ ಕರಡು, ತಿದ್ದುಪಡಿ, ಮೇಲ್ವಿಚಾರಣೆ, ಹೀಗೆ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ತಾವೇ ಗುರುತು ಮಾಡಲಿ, ಆಮೇಲೆ ಎಲ್ಲರೂ ಕೂತು ನೋಡಿ. ಒಬ್ಬರೇ ಹದಿನಾಲ್ಕಕ್ಕೂ ಟಿಕ್ ಹಾಕಿದ್ದರೆ ನಗು ಬರುತ್ತದೆ, ಆದರೂ ಕೇಳಿ. ಒಂದು ಮಾತು ನೆನಪಿರಲಿ: ಈ ಪಟ್ಟಿ ಯಾರು ಏನು ಮಾಡಿದರು ಎಂದು ಹೇಳುತ್ತದೆ, ಯಾರು ಲೇಖಕರು ಎಂದು ಹೇಳುವುದಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವುದು ತುಂಬಾ ಸಾಮಾನ್ಯವಾದ ತಪ್ಪು.

ಲೇಖಕರಾಗದವರಿಗೆ ಕೃತಜ್ಞತೆ ಹೇಳುವಾಗ ಅವರ ಅನುಮತಿ ಪಡೆಯಿರಿ. ಹೆಸರು ಹಾಕಿದರೆ ಅವರು ಪೇಪರ್‌ನ ತೀರ್ಮಾನವನ್ನು ಒಪ್ಪಿದ್ದಾರೆ ಎಂದು ಓದುವವರು ಅಂದುಕೊಳ್ಳಬಹುದು. ಹಣ ಪಡೆದು ಬರೆದುಕೊಟ್ಟವರಿದ್ದರೆ ಅವರ ಹೆಸರು, ಹಣ ಕೊಟ್ಟವರ ಹೆಸರು ಎರಡೂ ಇರಬೇಕು.

## ಹಂತ 4: ಹಣ ಎಲ್ಲಿಂದ ಬಂತು

ಇದು ಸುಲಭದ ಹಂತ. ಪ್ರತಿ ಗ್ರಾಂಟ್‌ಗೂ ಕೊಟ್ಟವರ ಪೂರ್ತಿ ಹೆಸರು, ಗ್ರಾಂಟ್ ಸಂಖ್ಯೆ, ಯಾವ ಲೇಖಕರಿಗೆ ಬಂತು ಎಂದು ಬರೆಯಿರಿ. ಸಂಖ್ಯೆಯನ್ನು ಮಂಜೂರಾತಿ ಪತ್ರದಿಂದಲೇ ನೋಡಿ ಬರೆಯಿರಿ, ನೆನಪಿನಿಂದ ಬೇಡ.

ಬಿಟ್ಟುಹೋಗುವುದು ಎರಡು. ಒಂದು, ಹಣದ ರೂಪದಲ್ಲಿ ಬರದ ಸಹಾಯ: ಪುಕ್ಕಟೆ ಕೊಟ್ಟ ಉಪಕರಣ, ಔಷಧ, ಸಾಫ್ಟ್‌ವೇರ್ ಲೈಸೆನ್ಸ್, ಡೇಟಾ. ಇನ್ನೊಂದು, ಹಣ ಕೊಟ್ಟವರ ಕೈ ಎಲ್ಲಿಯವರೆಗೆ ಚಾಚಿತ್ತು ಎನ್ನುವುದು. ಅಧ್ಯಯನವನ್ನು ರೂಪಿಸಿದ್ದರಲ್ಲಿ, ಡೇಟಾ ನೋಡಿದ್ದರಲ್ಲಿ, ಪ್ರಕಟಿಸುವ ತೀರ್ಮಾನದಲ್ಲಿ ಅವರ ಪಾತ್ರ ಇತ್ತೇ? ಇರಲಿಲ್ಲ ಎಂದರೆ ಅದನ್ನೂ ಬರೆಯಬೇಕು. ಒಪ್ಪಂದದಲ್ಲಿ ‘ಪ್ರಕಟಣೆಗೆ ಮೊದಲು ನಮಗೆ ತೋರಿಸಿ ಅನುಮತಿ ಪಡೆಯಬೇಕು’ ಎಂಬ ಸಾಲು ಇದ್ದರೆ, ‘ಪಾತ್ರ ಇರಲಿಲ್ಲ’ ಎಂದು ಬರೆಯುವ ಹಾಗಿಲ್ಲ. ಒಪ್ಪಂದ ತೆಗೆದು ಓದಿ. ಸಹಿ ಹಾಕಿದವರೇ ಅದನ್ನು ಪೂರ್ತಿ ಓದಿರುವುದಿಲ್ಲ!

## ಹಂತ 5: ಹಿತಾಸಕ್ತಿಯನ್ನು ಒಬ್ಬೊಬ್ಬರನ್ನೇ ಕೇಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಕಾರಣ, ನಾವು ಕೇಳುವ ಪ್ರಶ್ನೆಯೇ ತಪ್ಪು. ‘ನಿಮಗೆ ಹಿತಾಸಕ್ತಿ ಸಂಘರ್ಷ ಇದೆಯಾ?’ ಎಂದು ಕೇಳಿದರೆ ಯಾರಾದರೂ ‘ಇಲ್ಲ’ ಎಂದೇ ಹೇಳುತ್ತಾರೆ. ‘ನೀವು ಪಕ್ಷಪಾತಿಯಾ?’ ಎಂದು ಕೇಳಿದ ಹಾಗೆ ಅದು ಕೇಳಿಸುತ್ತದೆ. ಸಂಘರ್ಷ ಇದೆಯೋ ಇಲ್ಲವೋ ಎಂದು ಲೇಖಕರು ತೀರ್ಮಾನಿಸಬೇಕಾಗಿಯೇ ಇಲ್ಲ. ಸಂಬಂಧಗಳನ್ನು ಹೇಳಿದರೆ ಸಾಕು, ತೀರ್ಮಾನ ಓದುವವರಿಗೆ ಬಿಟ್ಟದ್ದು.

ನಾನು ಈಗ ಕಳಿಸುವ ಸಂದೇಶ ಹೀಗಿರುತ್ತದೆ:

‘ಎಲ್ಲರಿಗೂ ನಮಸ್ಕಾರ. ಈ ತಿಂಗಳ 20ರೊಳಗೆ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬೇಕು. ಪೇಪರ್‌ಗೆ ಸಂಬಂಧ ಇಲ್ಲ ಅನಿಸಿದರೂ ಬರೆಯಿರಿ, ಬೇಡದ್ದನ್ನು ಆಮೇಲೆ ಒಟ್ಟಿಗೆ ನೋಡಿ ತೆಗೆಯೋಣ. ಕಳೆದ 36 ತಿಂಗಳಲ್ಲಿ ಯಾವ ಸಂಸ್ಥೆ, ಕಂಪನಿಯಿಂದಾದರೂ ಸಂಬಳ, ಸಲಹಾ ಶುಲ್ಕ, ಭಾಷಣದ ಹಣ, ಪ್ರಯಾಣ ವೆಚ್ಚ ಬಂದಿದೆಯೇ? ಶೇರು, ಪೇಟೆಂಟ್, ರಾಯಲ್ಟಿ ಇದೆಯೇ? ಹಣ ಬರದಿದ್ದರೂ ಯಾವುದಾದರೂ ಸಮಿತಿ, ಮಂಡಳಿ, ಸಂಘಟನೆಯಲ್ಲಿ ಇದ್ದೀರಾ? ಕೋರ್ಟಿನಲ್ಲಿ ತಜ್ಞರಾಗಿ ಸಾಕ್ಷಿ ಹೇಳಿದ್ದೀರಾ? ಗಂಡ, ಹೆಂಡತಿ, ಮಕ್ಕಳಿಗೆ ಇಂಥ ಸಂಬಂಧ ಇದೆಯೇ? ನಾವು ಕಳಿಸುವ ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿ ಇದ್ದೀರಾ? ಏನೂ ಇಲ್ಲದಿದ್ದರೆ ದಯವಿಟ್ಟು ಪ್ರತಿ ಪ್ರಶ್ನೆಗೂ ಬೇರೆ ಬೇರೆಯಾಗಿ ಇಲ್ಲ ಎಂದು ಬರೆಯಿರಿ.’

36 ತಿಂಗಳು ಎನ್ನುವುದು ಐಸಿಎಂಜೆಇ ಫಾರ್ಮ್‌ನಲ್ಲಿರುವ ಅವಧಿ. ಅದೇ ಫಾರ್ಮ್‌ನಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಜನ ಗಮನಿಸುವುದಿಲ್ಲ. ಈ ಪೇಪರ್‌ನ ಕೆಲಸಕ್ಕೇ ಬಂದ ನೆರವಿಗೆ ಕಾಲಮಿತಿ ಇಲ್ಲ. ಯೋಜನೆ ಶುರುವಾದ ದಿನದಿಂದ ಎಲ್ಲವನ್ನೂ ಹೇಳಬೇಕು. ನಿಮ್ಮ ಜರ್ನಲ್ ಬೇರೆ ಅವಧಿ ಕೇಳುತ್ತಿದ್ದರೆ, ಎರಡರಲ್ಲಿ ಉದ್ದವಾದದ್ದನ್ನೇ ಹಿಡಿಯಿರಿ.

ಉತ್ತರಗಳು ಬಂದ ಮೇಲೆ ಪರಿಶೀಲಿಸಿ. ಗೂಢಚಾರಿಕೆ ಬೇಡ. ಆ ಲೇಖಕರ ಇತ್ತೀಚಿನ ಎರಡು ಮೂರು ಪೇಪರ್ ತೆರೆದು ಅಲ್ಲಿನ ಘೋಷಣೆ ನೋಡಿ. ಅಲ್ಲಿ ‘ಅ ಅವರಿಗೆ ಇಂಥ ಕಂಪನಿಯಿಂದ ಸಲಹಾ ಶುಲ್ಕ’ ಎಂದಿದ್ದು, ಇಲ್ಲಿ ‘ಇಲ್ಲ’ ಎಂದು ಬಂದಿದ್ದರೆ ಒಂದು ಫೋನ್ ಮಾಡಿ. ಬಹುತೇಕ ಸಲ ‘ಅಯ್ಯೋ, ಮರೆತೇಬಿಟ್ಟಿದ್ದೆ’ ಎಂಬ ಉತ್ತರ ಬರುತ್ತದೆ.

ಈಗ ಬರೆಯುವ ರೀತಿ. ಇದು ಕೆಲಸಕ್ಕೆ ಬಾರದ ಸಾಲು:

‘ಕೆಲವು ಲೇಖಕರಿಗೆ ಉದ್ಯಮದ ಜೊತೆ ಸಂಬಂಧಗಳಿವೆ, ಆದರೆ ಅವು ಈ ಫಲಿತಾಂಶದ ಮೇಲೆ ಪ್ರಭಾವ ಬೀರಿಲ್ಲ.’

ಯಾವ ಲೇಖಕರು? ಯಾವ ಉದ್ಯಮ? ಪ್ರಭಾವ ಬೀರಿಲ್ಲ ಎಂದು ಹೇಳುವವರು ಅವರೇ ಅಲ್ವಾ? ಅದನ್ನೇ ಹೀಗೆ ಬರೆಯಿರಿ:

‘ಲೇಖಕಿ ಬ ಅವರು ಈ ಅಧ್ಯಯನದಲ್ಲಿ ಪರೀಕ್ಷಿಸಿದ ಸೆನ್ಸರ್ ತಯಾರಿಸುವ ಕಂಪನಿಗೆ 2022ರಿಂದ 2024ರವರೆಗೆ ಸಲಹೆಗಾರರಾಗಿದ್ದು ಶುಲ್ಕ ಪಡೆದಿದ್ದಾರೆ. ಡೇಟಾ ವಿಶ್ಲೇಷಣೆಯಲ್ಲಿ ಅವರು ಭಾಗವಹಿಸಲಿಲ್ಲ. ಲೇಖಕ ಕ ಅವರು ಈ ಜರ್ನಲ್‌ನ ಸಂಪಾದಕ ಮಂಡಳಿಯ ಸದಸ್ಯರು. ಲೇಖಕರಾದ ಅ ಮತ್ತು ಡ ಅವರಿಗೆ ಘೋಷಿಸಬೇಕಾದ ಸಂಬಂಧಗಳಿಲ್ಲ.’

ಯಾರು, ಯಾರ ಜೊತೆ, ಎಂಥ ಸಂಬಂಧ, ಯಾವಾಗ, ಈ ಕೆಲಸಕ್ಕೂ ಅದಕ್ಕೂ ಏನು ನಂಟು. ಇಷ್ಟು ಬಂದರೆ ಸಾಕು. ನಿಜವಾದ ಪೇಪರ್‌ನಲ್ಲಿ ಕಂಪನಿಯ ಹೆಸರೂ ಇರಬೇಕು. ‘ಡೇಟಾ ವಿಶ್ಲೇಷಣೆಯಲ್ಲಿ ಭಾಗವಹಿಸಲಿಲ್ಲ’ ಎಂಬ ಸಾಲು ನಿಜವಾಗಿದ್ದರೆ ಮಾತ್ರ ಬರೆಯಿರಿ. ಹಂತ 3ರ ಪಟ್ಟಿಯಲ್ಲಿ ಅವರೇ ವಿಶ್ಲೇಷಣೆಗೆ ಟಿಕ್ ಹಾಕಿದ್ದರೆ ಸಿಕ್ಕಿಬೀಳುತ್ತೀರಿ.

ಒಬ್ಬರ ಮೌನಕ್ಕೆ ಉಳಿದವರೆಲ್ಲ ಎಂಥ ಬೆಲೆ ಕೊಡಬೇಕಾಗುತ್ತದೆ ಎನ್ನುವುದಕ್ಕೆ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಆಂಡ್ರ್ಯೂ ವೇಕ್‌ಫೀಲ್ಡ್ ಪೇಪರ್ ಇದೆ. ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂದು ಸುಳಿವು ಕೊಟ್ಟ ಪೇಪರ್ ಅದು. 13 ಲೇಖಕರು. ಲಸಿಕೆ ಕಂಪನಿಗಳ ವಿರುದ್ಧದ ಮೊಕದ್ದಮೆಗೆ ಸಂಬಂಧಿಸಿದ ಹಣ ವೇಕ್‌ಫೀಲ್ಡ್ ಅವರಿಗೆ ಬಂದಿತ್ತು, ಪೇಪರ್‌ನಲ್ಲಿ ಅದರ ಮಾತೇ ಇರಲಿಲ್ಲ. 2004ರಲ್ಲಿ ಅದು ಹೊರಬಿದ್ದಾಗ 10 ಲೇಖಕರು ಪೇಪರ್‌ನ ಆ ವ್ಯಾಖ್ಯಾನವನ್ನು ಹಿಂತೆಗೆದುಕೊಂಡರು. 2010ರಲ್ಲಿ ಇಡೀ ಪೇಪರ್ ರದ್ದಾಯಿತು. ಆ ರದ್ದತಿಯ ಪತ್ರದಲ್ಲಿ ಎಥಿಕ್ಸ್ ಸಮಿತಿಯ ಒಪ್ಪಿಗೆ ಇತ್ತು ಎಂಬ ಹೇಳಿಕೆಯೇ ಸುಳ್ಳೆಂದು ಸಾಬೀತಾಗಿದೆ ಎಂದಿತ್ತು. ಹಂತ 2 ಮತ್ತು ಹಂತ 5, ಎರಡೂ ಒಂದೇ ಪೇಪರ್‌ನಲ್ಲಿ ಕುಸಿದಿದ್ದವು.

## ಹಂತ 6: ಡೇಟಾವನ್ನು ಯಾರು ಕಣ್ಣಾರೆ ನೋಡಿದ್ದಾರೆ

2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಬಗ್ಗೆ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳ ಡೇಟಾ ಎಂದಿತ್ತು. ಡೇಟಾ ಸರ್ಜಿಸ್ಫಿಯರ್ ಎಂಬ ಕಂಪನಿಯ ಕೈಯಲ್ಲಿತ್ತು, ಅದರ ಮುಖ್ಯಸ್ಥರೂ ನಾಲ್ಕು ಲೇಖಕರಲ್ಲಿ ಒಬ್ಬರು. ಸಂಶಯ ಎದ್ದಾಗ ಉಳಿದ ಮೂವರು ಸ್ವತಂತ್ರ ಪರಿಶೀಲನೆಗೆ ಡೇಟಾ ಕೇಳಿದರು. ಕಂಪನಿ ಪೂರ್ತಿ ಡೇಟಾ ಕೊಡಲಿಲ್ಲ. ಜೂನ್ 4ರಂದು ಆ ಮೂವರೂ ಪೇಪರ್ ಹಿಂತೆಗೆದುಕೊಂಡರು. ಎರಡು ವಾರವೂ ಆಗಿರಲಿಲ್ಲ.

ಅವರು ಆ ಪ್ರಶ್ನೆಯನ್ನು ಸಬ್‌ಮಿಟ್ ಮಾಡುವ ಮೊದಲೇ ಕೇಳಬಹುದಿತ್ತು. ಹಾಗಾಗಿ ನಿಮ್ಮ ಶೀಟ್‌ನಲ್ಲಿ ಒಂದು ಕಾಲಮ್ ಇರಲಿ: ‘ಮೂಲ ಡೇಟಾ ತೆರೆದು ನೋಡಿದ್ದೀರಾ? ಯಾವ ದಿನ?’ ಕನಿಷ್ಠ ಇಬ್ಬರ ಉತ್ತರ ‘ಹೌದು’ ಆಗಿರಬೇಕು, ಅದರಲ್ಲಿ ಒಬ್ಬರು ಡೇಟಾ ಕೊಟ್ಟ ಸಂಸ್ಥೆಯ ಹೊರಗಿನವರಾಗಿರಬೇಕು. ಆ ಘಟನೆಯ ನಂತರ ಲ್ಯಾನ್ಸೆಟ್ ಕೂಡ ಒಬ್ಬರಿಗಿಂತ ಹೆಚ್ಚು ಲೇಖಕರು ಡೇಟಾವನ್ನು ನೇರವಾಗಿ ನೋಡಿ ಪರಿಶೀಲಿಸಿರಬೇಕು ಎಂಬ ನಿಯಮ ತಂದಿತು.

ಆಮೇಲೆ ಡೇಟಾ ಎಲ್ಲಿ ಸಿಗುತ್ತದೆ ಎನ್ನುವ ಹೇಳಿಕೆ. ‘ಕೇಳಿದರೆ ಕೊಡಲಾಗುವುದು’ ಎನ್ನುವುದು ಸೋಮಾರಿಗಳ ಸಾಲು. ಯಾರನ್ನು ಕೇಳಬೇಕು? ಅವರು ಕೆಲಸ ಬಿಟ್ಟಮೇಲೆ? ಜೆನೊಡೊದಂಥ ಭಂಡಾರದಲ್ಲಿ ಡೇಟಾ ಇಟ್ಟು ಡಿಒಐ (ಬದಲಾಗದ ಆನ್‌ಲೈನ್ ಗುರುತು ಸಂಖ್ಯೆ) ಪಡೆದು ಅದನ್ನೇ ಬರೆಯಿರಿ. ಇಡಲಾಗದಿದ್ದರೆ ಏಕೆ ಆಗದು, ಯಾವ ಷರತ್ತಿನ ಮೇಲೆ ಯಾರು ಕೊಡಬಹುದು ಎಂದು ನೇರವಾಗಿ ಹೇಳಿ. ಕೊಡಲಾಗುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರೆ ತಪ್ಪೇನಿಲ್ಲ.

ಇಡುವ ಮುನ್ನ ಒಪ್ಪಿಗೆ ಪತ್ರದ ಖಾಲಿ ಪ್ರತಿ ತೆರೆದು ನೋಡಿ. ‘ನಿಮ್ಮ ಮಾಹಿತಿ ಸಂಶೋಧನಾ ತಂಡದ ಹೊರಗೆ ಹೋಗುವುದಿಲ್ಲ’ ಎಂದು ಅದರಲ್ಲಿ ಮಾತು ಕೊಟ್ಟಿದ್ದರೆ ನೀವು ಡೇಟಾವನ್ನು ತೆರೆದಿಡುವ ಹಾಗಿಲ್ಲ. ಹಲವು ಕೇಂದ್ರಗಳಿದ್ದರೆ ಒಂದೊಂದು ಕೇಂದ್ರದ ಪತ್ರದಲ್ಲೂ ಒಂದೊಂದು ಮಾತು ಇರಬಹುದು, ಎಲ್ಲವನ್ನೂ ಓದಿ.

ಹೆಸರು ತೆಗೆದರೆ ಗುರುತು ಹೋಯಿತು ಎಂದೂ ಅಂದುಕೊಳ್ಳಬೇಡಿ. ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ, ಈ ಮೂರೇ ಸೇರಿದರೆ ಅಮೆರಿಕದ ಜನಸಂಖ್ಯೆಯ ಸುಮಾರು 87 ಶೇಕಡ ಜನರನ್ನು ಬೇರೆ ಬೇರೆಯಾಗಿ ಗುರುತಿಸಬಹುದು ಎಂದು ಸಂಶೋಧಕಿ ಲತಾನ್ಯ ಸ್ವೀನಿ 2000ದಲ್ಲೇ ಅಂದಾಜು ಮಾಡಿದ್ದರು. ಹೆಸರಿನ ಬದಲು ಸಂಕೇತ ಹಾಕಿ, ಅದರ ಕೀಲಿಯನ್ನು ಎಲ್ಲೋ ಇಟ್ಟುಕೊಂಡಿದ್ದರೆ ಯುರೋಪಿನ ಡೇಟಾ ರಕ್ಷಣೆಯ ಕಾನೂನು ಜಿಡಿಪಿಆರ್ ಪ್ರಕಾರ ಅದು ಇನ್ನೂ ವೈಯಕ್ತಿಕ ಡೇಟಾವೇ. ‘ಗುರುತು ಅಳಿಸಿದ ಡೇಟಾ’ ಎಂದು ಬರೆಯುವ ಮೊದಲು ಆ ಕೀಲಿ ಎಲ್ಲಿದೆ ಎಂದು ಪಾಲುದಾರರನ್ನು ಕೇಳಿ.

## ಹಂತ 7: ಎಐ ಬಳಸಿದ್ದರೆ

ತಂಡದಲ್ಲಿ ಯಾರಾದರೂ ಬಳಸಿಯೇ ಇರುತ್ತಾರೆ, ಕೇಳಿ. ಎಐ ಲೇಖಕ ಆಗುವಂತಿಲ್ಲ ಎಂದು 2023ರಲ್ಲೇ ಐಸಿಎಂಜೆಇ ಮತ್ತು ಪ್ರಕಟಣಾ ನೀತಿಯ ಸಮಿತಿ ಕೋಪ್ ಎರಡೂ ಹೇಳಿವೆ. (ಹೆಸರು ಕೇಳಿ ಹೆದರಬೇಡಿ, ಸಮಾಧಾನದವರೇ.) ಯಾವ ಟೂಲ್, ಯಾವ ಕೆಲಸಕ್ಕೆ, ಅದು ಕೊಟ್ಟದ್ದನ್ನು ಯಾರು ಪರಿಶೀಲಿಸಿದರು ಎಂದು ಬರೆಯಿರಿ. ಭಾಷೆ ತಿದ್ದಲು ಬಳಸಿದ್ದಕ್ಕೂ ಡೇಟಾ ವಿಶ್ಲೇಷಿಸಲು ಬಳಸಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಒಂದಿದೆ: ಸಂದರ್ಶನದ ಬರಹಗಳನ್ನು ಯಾರಾದರೂ ಚಾಟ್‌ಬಾಟ್‌ಗೆ ಹಾಕಿದ್ದಾರೆಯೇ? ಹಾಕಿದ್ದರೆ ಭಾಗವಹಿಸಿದವರ ಮಾತು ತಂಡದ ಹೊರಗೆ ಹೋದಂತೆ. ಎಥಿಕ್ಸ್ ಸಮಿತಿಗೆ ತಿಳಿಸಬೇಕಾದ ವಿಷಯ ಅದು, ಪೇಪರ್‌ನ ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯುವುದಿಲ್ಲ.

## ಹಂತ 8: ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿ

ಈಗ ಶೀಟ್‌ನಿಂದ ಘೋಷಣೆಗಳನ್ನು ಬರೆಯಿರಿ. ಜರ್ನಲ್‌ನ ಸೂಚನೆಗಳಲ್ಲಿ ಯಾವ ತಲೆಬರಹ, ಯಾವ ಸರದಿ ಎಂದು ಇರುತ್ತದೆ, ಅದನ್ನೇ ಪಾಲಿಸಿ.

ಒಂದೇ ವಿಷಯ ನಾಲ್ಕೈದು ಕಡೆ ಇರುತ್ತದೆ: ಪೇಪರ್‌ನ ಒಳಗೆ, ಕವರ್ ಲೆಟರ್‌ನಲ್ಲಿ, ಪೋರ್ಟಲ್‌ನ ಚೌಕಗಳಲ್ಲಿ, ಪ್ರತಿಯೊಬ್ಬರ ಫಾರ್ಮ್‌ನಲ್ಲಿ, ಪ್ರಿಪ್ರಿಂಟ್ (ರಿವ್ಯೂಗೆ ಮೊದಲೇ ಆನ್‌ಲೈನ್‌ನಲ್ಲಿ ಇಡುವ ಪ್ರತಿ) ಹಾಕಿದ್ದರೆ ಅಲ್ಲಿ. ಒಂದು ಕಡೆ ಗ್ರಾಂಟ್ ಎರಡು, ಇನ್ನೊಂದು ಕಡೆ ಮೂರು ಎಂದಿದ್ದರೆ ಸಂಪಾದಕರಿಗೆ ಸಂಶಯ ಬರುತ್ತದೆ. ಎಲ್ಲಾ ಕಿಟಕಿ ತೆರೆದು, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ನೋಡಿ. ಅರ್ಧ ಗಂಟೆಯ ಕೆಲಸ.

ಲೇಖಕರ ಹೆಸರು ಮರೆಮಾಡಿ ರಿವ್ಯೂಗೆ ಕಳಿಸುವ ಜರ್ನಲ್ ಆದರೆ ಘೋಷಣೆಗಳನ್ನು ಬೇರೆ ಟೈಟಲ್ ಪುಟದಲ್ಲಿ ಹಾಕಿ. ಸಮಿತಿಯ ಹೆಸರಿನಿಂದಲೇ ನೀವು ಯಾರೆಂದು ಗೊತ್ತಾಗಿಬಿಡುತ್ತದೆ. ಪೇಪರ್‌ನ ಒಳಗೆ ಒಪ್ಪಿಗೆ ಇದೆ ಎಂದಷ್ಟೇ ಇರಲಿ.

## ಹಂತ 9: ಎಲ್ಲರ ‘ಸರಿ’ ಬರಹದಲ್ಲಿ

ಕೊನೆಯ ಪಿಡಿಎಫ್‌ ಅನ್ನು, ಘೋಷಣೆಗಳ ಸಮೇತ, ಎಲ್ಲ ಲೇಖಕರಿಗೂ ಕಳಿಸಿ. ಕನಿಷ್ಠ ಮೂರು ಕೆಲಸದ ದಿನ ಕೊಡಿ. ‘ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ’ ಎಂಬ ಸಾಲು ಬೇಡ. ಮೌನ ಸಮ್ಮತಿ ಲಕ್ಷಣ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಪ್ರತಿಯೊಬ್ಬರೂ ‘ನನ್ನ ಹೆಸರಿನ ಮುಂದೆ ಇರುವುದನ್ನು ಓದಿದ್ದೇನೆ, ಸರಿಯಿದೆ’ ಎಂದು ಉತ್ತರಿಸಲಿ. ಆ ಇಮೇಲ್‌ಗಳನ್ನು ಫೋಲ್ಡರ್‌ಗೆ ಹಾಕಿ.

ಒಬ್ಬರು ಉತ್ತರಿಸುತ್ತಲೇ ಇಲ್ಲ ಎಂದರೆ ಸಬ್‌ಮಿಟ್ ನಿಲ್ಲಿಸಿ. ಕಷ್ಟ ಅನಿಸುತ್ತದೆ, ಗೊತ್ತು. ಆದರೆ ಅವರ ಪರವಾಗಿ ನೀವು ಟಿಕ್ ಹಾಕಿದರೆ ಆ ಟಿಕ್ ನಿಮ್ಮದು.

ರಿವ್ಯೂ ಮುಗಿದು ತಿದ್ದಿದ ಪ್ರತಿ ಕಳಿಸುವಾಗ ಹಂತ 5ನ್ನು ಇನ್ನೊಮ್ಮೆ ಮಾಡಿ. ಅಷ್ಟರಲ್ಲಿ ಒಬ್ಬರು ಕೆಲಸ ಬದಲಿಸಿ ಕಂಪನಿ ಸೇರಿರಬಹುದು. ಹೊಸ ಲೇಖಕರನ್ನು ಸೇರಿಸಿದರೆ, ಯಾರನ್ನಾದರೂ ತೆಗೆದರೆ, ಎಲ್ಲರ ಸಹಿ ಮತ್ತು ಕಾರಣ ಬೇಕಾಗುತ್ತದೆ.

## ಹಂತ 10: ಪ್ರಕಟವಾದ ಮೇಲೆ ತಪ್ಪು ಸಿಕ್ಕರೆ

ಮೊದಲು ಸಹಲೇಖಕರಿಗೆ ತಿಳಿಸಿ, ಅದೇ ವಾರ ಸಂಪಾದಕರಿಗೆ ಬರೆಯಿರಿ. ಬೇರೆಯವರು ಹಿಡಿಯುವವರೆಗೆ ಕಾಯಬೇಡಿ. ಮುಚ್ಚಿಟ್ಟ ಹಿತಾಸಕ್ತಿ ಪ್ರಕಟವಾದ ಪೇಪರ್‌ನಲ್ಲಿ ಕಂಡರೆ ಸಂಪಾದಕರು ಏನು ಮಾಡಬೇಕು ಎಂಬುದಕ್ಕೆ ಕೋಪ್ ಹಂತ ಹಂತದ ಚಾರ್ಟ್ ಮಾಡಿದೆ. ಅದನ್ನು ಓದಿದರೆ ಮುಂದೆ ಏನಾಗುತ್ತದೆ ಎಂದು ನಿಮಗೂ ಗೊತ್ತಿರುತ್ತದೆ.

ಪತ್ರ ಚಿಕ್ಕದಾಗಿರಲಿ: ಏನು ಬಿಟ್ಟುಹೋಗಿತ್ತು, ಹೇಗೆ ಗೊತ್ತಾಯಿತು, ಸರಿಯಾದ ಸಾಲು ಯಾವುದು, ಫಲಿತಾಂಶದ ಮೇಲೆ ಪರಿಣಾಮ ಇದೆಯೇ, ಎಲ್ಲ ಲೇಖಕರೂ ಈ ತಿದ್ದುಪಡಿಗೆ ಒಪ್ಪಿದ್ದಾರೆಯೇ. ಬರೀ ಬಿಟ್ಟುಹೋದ ಸಾಲಾದರೆ ಸಾಮಾನ್ಯವಾಗಿ ತಿದ್ದುಪಡಿಯ ಸೂಚನೆ ಪ್ರಕಟವಾಗುತ್ತದೆ. ಎಥಿಕ್ಸ್ ಒಪ್ಪಿಗೆಯೇ ಇರಲಿಲ್ಲ ಎಂದಾದರೆ ಪೇಪರ್ ರದ್ದಾಗುವವರೆಗೂ ಹೋಗಬಹುದು.

ನನ್ನ ಪೇಪರ್ ಇನ್ನೂ ರಿವ್ಯೂನಲ್ಲೇ ಇದ್ದದ್ದು ಪುಣ್ಯ. ಸಂಪಾದಕರಿಗೆ ನಡೆದದ್ದನ್ನು ನಾಲ್ಕು ಸಾಲಲ್ಲಿ ಬರೆದೆ. ಅವರು ಕೇಳಿದ್ದು ಒಂದೇ: ಐದು ಲೇಖಕರ ಫಾರ್ಮ್‌ಗಳನ್ನೂ ಹೊಸದಾಗಿ ತುಂಬಿಸಿ ಕಳಿಸಿ. ತುಂಬಿಸಲು ಕೂತಾಗ ನಾಲ್ಕನೇ ಲೇಖಕರ ಒಂದು ಪೇಟೆಂಟ್ ಕೂಡ ಹೊರಬಂತು.